ನನ್ನ ತರಗತಿಯಲ್ಲಿ ನನ್ನ ಮಗಳು

ಕಣೇಕಲ್ಲು
14 ಸೆಪ್ಟೆಂಬರ್ 2025

ಪ್ರೀತಿಯ ತಂಗಿ ಸೌಭಾಗ್ಯಾ,

ನಾವೆಲ್ಲ ಆರಾಮಾಗಿದ್ದೇವೆ, ಮಡಕಶಿರದಲ್ಲಿ ನೀವು ಮೂವರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಜುಲೈನಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಮಗಳು ಮಮತಾ ಪಕ್ಕದಲ್ಲೇ ಇರುತ್ತಾಳೆ.

"ಯುವರಾಜ್ ಈ ವರ್ಷ ನನ್ನ ಕ್ಲಾಸಿಗೇ ಬಂದಾನ. ಸ್ವಂತ ಮಗನಿಗೆ ಪಾಠ ಹೇಳೋದು ಹೆಂಗಕ್ಕಾ?" ಎಂದು ನೀನು ಅದರಲ್ಲಿ ಕೇಳಿದ್ದೆ. ಆಮೇಲೆ ಫೋನಿನಲ್ಲಿ ಸಿಕ್ಕಾಗ ನಾನು ನಕ್ಕು, "ಅವನು ನಿನ್ನ ಮಗ ಅನ್ನೋದು ಮರೆತುಬಿಡು, ಮುಗೀತು" ಅಂದಿದ್ದೆ. ಆ ಮಾತು ತಪ್ಪು.

ಮಮತಾ ನನ್ನ ತರಗತಿಗೆ ಬಂದು ವರ್ಷವಾಯಿತು; ಈಗ ಅವಳು ನಾಲ್ಕನೆಯ ತರಗತಿ, ಈಗಲೂ ನನ್ನ ಬಳಿಯೇ. ಅವಳು ಬಂದ ಮೊದಲ ವಾರವೇ ಮಗುವೊಂದರ ತಂದೆ ಕದಿರಪ್ಪ ಬಾಗಿಲಲ್ಲಿ ನಿಂತು, "ನಿಮ್ಮ ಮಗಳೇ ಅದಾಳಲ್ರಿ ಮೇಡಂ, ಇನ್ನ ಫಸ್ಟು ಬ್ಯಾರೆ ಯಾರು ಬರ್ತಾರ್ರಿ?" ಎಂದರು. ತಮಾಷೆಗೆ ಅಂದದ್ದು. ನಾನು ಹಾಗೆ ತೆಗೆದುಕೊಳ್ಳಲಿಲ್ಲ. ಮರುದಿನ ಮಮತಾಳನ್ನು ಕಡೆಯ ಸಾಲಿಗೆ ಕಳಿಸಿದೆ. ಅವಳು ಕೈ ಎತ್ತಿದಾಗ ಬೇರೆಯವರ ಕಡೆ ನೋಡತೊಡಗಿದೆ.

ಕಳೆದ ತಿಂಗಳು ಶಿಕ್ಷಕರ ತರಬೇತಿ ಓದುತ್ತಿರುವ ಸಂಧ್ಯಾ ಎಂಬ ಹುಡುಗಿ ನಮ್ಮ ಶಾಲೆಗೆ ಬಂದಳು. ಒಂದು ವಾರ ನನ್ನ ಪಾಠ ನೋಡುವುದು ಅವಳ ಕೆಲಸ. ಹಾಜರಿ ಪಟ್ಟಿಯ ಹೆಸರುಗಳನ್ನೆಲ್ಲ ಬರೆದುಕೊಂಡು, ನಾನು ಯಾರನ್ನು ಪ್ರಶ್ನೆ ಕೇಳಿದರೆ ಅವರ ಮುಂದೊಂದು ಗೀಟು ಹಾಕುತ್ತಿದ್ದಳು. ಶನಿವಾರ ಆ ಹಾಳೆ ತೋರಿಸಿದಳು. ಮುಂದಿನ ಸಾಲಿನವರಿಗೆ ಲೆಕ್ಕವಿಲ್ಲದಷ್ಟು. ಗೋಡೆ ಬದಿಯ ಓಬುಲೇಶನಿಗೆ ಎರಡು. ಮಮತಾಳಿಗೆ ಒಂದೂ ಇಲ್ಲ.

"ಈ ಹುಡುಗಿಗೆ ಮಾತು ಬರಾಂಗಿಲ್ಲೇನ್ರಿ ಮೇಡಂ? ಕೈನೂ ಎತ್ತಾಂಗಿಲ್ಲ."

"ನನ್ನ ಮಗಳು" ಎಂದೆ.

ಸಂಧ್ಯಾ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಅದನ್ನು ನಾನೇ ಕೇಳಿ ಇಸಿದುಕೊಂಡೆ.

ಸೋಮವಾರ ಗಣಿತದ ಪಾಠದಲ್ಲಿ, "ಮಮತಾ, ಮುಕ್ಕಾಲಿನಾಗ ಎಷ್ಟು ಕಾಲು ಅದಾವ?" ಎಂದು ಕೇಳಿದೆ. ಎದ್ದು ನಿಂತಳು. "ಗೊತ್ತಿಲ್ರಿ ಟೀಚರ್" ಅಂದಳು. ಹಿಂದಿನ ದಿನವಷ್ಟೇ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಅವರಪ್ಪನಿಗೆ ಅದನ್ನೇ ತಿಳಿಸಿ ಹೇಳಿದ್ದಳು.

ಈಗ ಗೀಟು ಹಾಕುವ ಹಾಳೆಯನ್ನು ನಾನೇ ಇಟ್ಟುಕೊಂಡಿದ್ದೇನೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದು ಎಣಿಸಿ ಆಮೇಲೆ ಹೆಸರು ಕರೆಯುತ್ತೇನೆ. ಸುಮ್ಮನಿರುವ ಮಕ್ಕಳಿಗೆ ಮೊದಲು ಪಕ್ಕದವರ ಹತ್ತಿರ ಮಾತಾಡಿಕೊಳ್ಳಲು ಬಿಡುತ್ತೇನೆ. ಓಬುಲೇಶ್ ಈಗ ತಡೆಯಿಲ್ಲದೆ ಮಾತಾಡುತ್ತಾನೆ, ಅರ್ಧ ತೆಲುಗು ಬೆರೆಸಿ. ಇರಲಿ ಎಂದು ಬಿಟ್ಟಿದ್ದೇನೆ. ಇಪ್ಪತ್ತು ವರ್ಷ ಪಾಠ ಮಾಡಿದವಳು ಇದನ್ನು ಇನ್ನೂ ಕೆಲಸಕ್ಕೆ ಸೇರದ ಹುಡುಗಿಯಿಂದ ಕಲಿತೆ. ಮಮತಾ ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ಕೇಳಿದ್ದಕ್ಕಷ್ಟೇ.

ಯುವರಾಜನಿಗೂ ಅವನ ಸರದಿ ಕೊಡು. ತಪ್ಪು ಹೇಳಿದರೆ ಬೇರೆ ಮಕ್ಕಳಿಗೆ ಎಷ್ಟು ಹೊತ್ತು ಕಾಯುತ್ತೀಯೋ ಅವನಿಗೂ ಅಷ್ಟೇ ಕಾಯಿ. ಸರಿ ಹೇಳಿದರೆ ಎಲ್ಲರೆದುರೇ ಶಹಬ್ಬಾಸ್ ಅನ್ನು. ಊರವರು ಏನಾದರೂ ಅಂದುಕೊಳ್ಳಲಿ.

ನಿನ್ನ ಮನೆಯವರಿಗೆ ನಮಸ್ಕಾರ ತಿಳಿಸು. ಯುವರಾಜ್ ಚೆನ್ನಾಗಿ ಓದಲಿ, ನಿನಗೂ ಆಯುಷ್ಯ ಆರೋಗ್ಯ ಸಿಗಲಿ.

ನಿನ್ನ ಅಕ್ಕ
ಬಸವರಾಜೇಶ್ವರಿ

ತಾ.ಕ.: ಕಳೆದ ಭಾನುವಾರ ತಲೆ ಬಾಚುವಾಗ ಮಮತಾ, "ಮುಂದಿನ ವರ್ಷ ಚಿಕ್ಕಮ್ಮನ ಊರಾಗ ಓದ್ಲೇನಮ್ಮ?" ಎಂದು ಕೇಳಿದಳು. "ಯಾಕ, ನಾನು ಇಲ್ಲೇ ಇದೀನಲ್ಲ?" ಎಂದೆ. "ಅಲ್ಲಿದ್ರ ನೀನು ನನ್ನ ನೋಡಾಕ ಬರ್ತೀಯಲ್ಲ" ಅಂದಳು.