ಎರಡು ಚರ್ಮದ ಮರಿ

ಕರಾ-ಕುಜುರ್, ಮೇಲಿನ ಹುಲ್ಲುಗಾವಲು
ಆಗಸ್ಟ್ ೨೯

ತುರ್ದಾಲಿ ಅವರಿಗೆ ಬಾಲ್ಜಾನ್ ಮಾಡುವ ಸಲಾಮು.

‘ನಾಯಿ ತಪ್ಪು ಕಲಿಯೋದಿಲ್ಲ...’ ಎಂದು ಶುರುಮಾಡಿದ್ದಿರಿ. ಅದರ ಮುಂದೆ ಇನ್ನೇನೋ ಇತ್ತು. ನಾನು ಹಿಟ್ಟು ನಾದುತ್ತಿದ್ದೆ. ಅರ್ಧ ಮಾತು ಕಿವಿಗೆ ಬಿತ್ತು, ಇನ್ನರ್ಧ ಹಿಟ್ಟಿಗೆ ಬಿತ್ತು. ಮೊನ್ನೆಯಿಂದ ಆ ಅರ್ಧಕ್ಕಾಗಿ ತಡಕಾಡುತ್ತಿದ್ದೇನೆ.

ಮೊನ್ನೆ ಎಂದರೆ ಶಮಾಲ್‌ನ ಪರೀಕ್ಷೆಯ ದಿನ. ನಾಯಿ ಬದುಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕಾಗದವನ್ನು ಕೊನೆಯಿಂದ ಓದುತ್ತೀರಿ. ಅತ್ತೆ ಚೆನ್ನಾಗಿದ್ದಾರೆ. ನಾನೂ ಇದ್ದೇನೆ, ಆದರೆ ಎರಡು ದಿನದಿಂದ ನನ್ನ ಕೈ ಬೇರೆ ಯಾರದೋ ಕೈಯ ಹಾಗೆ ಆಡುತ್ತಿದೆ. ನಿನ್ನೆ ಉಪ್ಪು ಚಹಾಕ್ಕೆ ಎರಡು ಸಲ ಉಪ್ಪು ಹಾಕಿದೆ. ಅತ್ತೆ ಒಂದು ಗುಟುಕು ಕುಡಿದು, “ಏನೇ ಇದು, ಕುರಿಗೆ ನೆಕ್ಕಿಸೋಕೆ ಮಾಡಿದ್ಯಾ?” ಎಂದರು. ಫೋನು ಇಲ್ಲಿ ಸಿಗುವುದಿಲ್ಲ. ಸಿಕ್ಕಿದ್ದರೂ ಇದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹಾಲಿನ ಲಾರಿಯವನ ಕೈಯಲ್ಲಿ ಕೊಡುತ್ತೇನೆ. ಕೊಚ್ಕೋರಿನಲ್ಲಿ ನಿಮ್ಮ ಅಕ್ಕನ ಮನೆ ಅವನಿಗೆ ಗೊತ್ತು.

ಏಪ್ರಿಲ್‌ನಲ್ಲಿ ಶಮಾಲ್ ಎಡಚ ಭಾವನ ಕುರಿಮರಿಯನ್ನು ಕೊಂದ ಮಾರನೆಯ ದಿನ ನೀವು ಬಂದೂಕು ಹಿಡಿದು ದಿಬ್ಬದ ಹಿಂದೆ ಹೋದಿರಿ. ಕುರಿಯ ರುಚಿ ಕಂಡ ನಾಯಿಯನ್ನು ಯಜಮಾನನೇ ಕೈಯಾರೆ ಹೊಡೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ನಾವೆಲ್ಲ ಅಂಗಳದಲ್ಲಿ ನಿಂತು ಸದ್ದಿಗೆ ಕಾದೆವು. ಸದ್ದು ಬರಲಿಲ್ಲ. ನೀವು ಮುಂದೆ, ನಾಯಿ ಹಿಂದೆ, ಹೋದ ಹಾಗೆಯೇ ವಾಪಸು ಬಂದಿರಿ. ಯಾರನ್ನೂ ನೋಡದೆ ಬಂದೂಕನ್ನು ಗೋಡೆಗೆ ಒರಗಿಸಿದಿರಿ. ನನ್ನ ಕಡೆ ಮಾತ್ರ ಒಮ್ಮೆ ನೋಡಿದಿರಿ. ಬೆಳಿಗ್ಗೆ ಲಾರಿ ಹತ್ತಿದಿರಿ. “ಬೇಟೆಗಾರನ್ನ ನೋಡ್ರೋ! ನಾಯಿಗಿಂತ ಮುಂಚೆ ಯಜಮಾನನೇ ಓಟ ಕಿತ್ತ!” ಎಂದು ಭಾವ ಕೂಗಿದ್ದು ನಿಮಗೆ ಕೇಳಿಸಿತೋ ಇಲ್ಲವೋ. ನನಗೆ ಕೇಳಿಸಿತು.

ಆಮೇಲೆ ನಾನು ಹೋಗಿ ಹಿರಿಯರ ಮುಂದೆ ನಿಂತೆ. ಮಂದೆ ಕೆಳಗಿಳಿಯುವವರೆಗೆ ನನಗೆ ಸಮಯ ಕೊಡಿ, ಇದನ್ನು ಕುರಿಗಳ ನಡುವೆ ಸುಮ್ಮನಿರುವ ಹಾಗೆ ಮಾಡುತ್ತೇನೆ, ಆಗದಿದ್ದರೆ ನಾನೇ ಹೊಡೆಯುತ್ತೇನೆ ಎಂದೆ. ಭಾವ ನಕ್ಕುಬಿಟ್ಟರು. “ಹದ್ದಿಗೆ ಕೋಳಿಮರಿ ಕಾಯೋದು ಕಲಿಸ್ತೀಯೇನಮ್ಮ? ತಾಯ್ಗನ್ ಬೇಟೆನಾಯಿ ಕಣೇ ಅದು. ಓಡೋದು ಕಂಡ್ರೆ ಹಿಡಿಯುತ್ತೆ. ಅದರಜ್ಜನೂ ಹಿಡೀತಿದ್ದ, ಅದರ ಮುತ್ತಜ್ಜನೂ ಹಿಡೀತಿದ್ದ.” ಆದರೂ ಒಪ್ಪಿದರು. ಗಂಡ ಬಿಟ್ಟು ಹೋದವಳು ನಾಯಿಯನ್ನಾದರೂ ಇಟ್ಟುಕೊಳ್ಳಲಿ ಎಂದುಕೊಂಡಿರಬೇಕು.

ಹೇಗೆ ಕಲಿಸಿದೆ ಎಂದು ನೀವು ಕೇಳುತ್ತೀರಿ, ಅಥವಾ ಕೇಳುವುದಿಲ್ಲ. ಮಂದೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಉದ್ದದ ಉಣ್ಣೆ ಹಗ್ಗ ಹಿಡಿದು ನೆಲದ ಮೇಲೆ ಕೂತೆ. ಆ ದೂರದಲ್ಲಿ ಅದರ ಕಿವಿ ನಿಮಿರುತ್ತಿತ್ತು, ತೊಡೆ ಮಾತ್ರ ನಡುಗುತ್ತಿರಲಿಲ್ಲ. ಅದರ ಕಣ್ಣು ಕುರಿಗಳನ್ನು ಬಿಟ್ಟು ನನ್ನ ಕಡೆ ತಿರುಗಿದಾಗಲೆಲ್ಲ ಒಂದು ಚೂರು ಒಣಗಿದ ಕುದುರೆ ಮಾಂಸ. ಅಷ್ಟೇ. ಬೈಗುಳವಿಲ್ಲ, ಬಾರುಕೋಲಿಲ್ಲ. ಮೊದಲ ದಿನ ಅದು ನನ್ನ ಕಡೆ ತಿರುಗಿದ್ದು ನಾಲ್ಕು ಸಲ. ನಡುಗಿದ ದಿನ ಹತ್ತು ಹೆಜ್ಜೆ ಹಿಂದಕ್ಕೆ, ಆಕಳಿಸಿದ ದಿನ ಐದು ಹೆಜ್ಜೆ ಮುಂದಕ್ಕೆ. ಜೂನ್ ಮುಗಿಯುವಾಗ ಅರವತ್ತು ಹೆಜ್ಜೆಗೆ ಬಂದಿದ್ದೆವು. ಅತ್ತೆ ಕುರುತ್‌ಗೆ ಮೊಸರಿನ ಉಂಡೆ ಒಣಹಾಕುತ್ತ, “ನನ್ನ ಮಗನ್ನ ಹೀಗೆ ಕೂತು ನೋಡಿದ್ರೆ ಅವನೂ ಪಳಗ್ತಿದ್ನೇನೋ” ಎಂದರು. ನಾಯಿ ಸೊಂಟವನ್ನು ಒಂದು ಪಕ್ಕಕ್ಕೆ ಒರಗಿಸಿ ಮಲಗಿದರೆ ಅದಕ್ಕೆ ಓಡುವ ಮನಸ್ಸಿಲ್ಲ ಎಂದರ್ಥ, ಇದು ನಾನಾಗಿಯೇ ಕಂಡುಕೊಂಡದ್ದು. ಮನುಷ್ಯರಲ್ಲಿ ಅಂಥ ಗುರುತು ಇಲ್ಲ.

ಜುಲೈನಲ್ಲಿ ಅದನ್ನು ಒಂಟಿಗಿವಿಯ ಮುದಿ ಕುರಿಯ ಪಕ್ಕದಲ್ಲಿ ಕಟ್ಟಿದೆ. ಅವಳು ಮೂರು ಸಲ ಗುದ್ದಿದಳು. ಶಮಾಲ್ ಮುಖ ತಿರುಗಿಸಿ ಬೇರೆಲ್ಲೋ ನೋಡುತ್ತ ನಿಂತಿತು, ನೆಂಟರ ಮನೆಯಲ್ಲಿ ಬೈಸಿಕೊಂಡವರ ಹಾಗೆ. ಆಗಸ್ಟಿನ ಹೊತ್ತಿಗೆ ಸಂಜೆ ಮಂದೆ ಬರುವಾಗ ದೊಡ್ಡಿಯ ಬಾಯಲ್ಲಿ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅದು. ಬೊಗಳದೆ, ಹೆದರಿಸದೆ ಸುಮ್ಮನೆ ನಿಂತಿರುತ್ತಿತ್ತು. ಕುರಿಗಳು ಅದನ್ನು ಗೂಟವೆಂದು ತಿಳಿದು ಸುತ್ತಿ ಒಳಗೆ ಹೋಗುತ್ತಿದ್ದವು.

ಮೊನ್ನೆ ಮಧ್ಯಾಹ್ನ ನಾಲ್ಕು ಮನೆಯ ಮಂದೆಯನ್ನೂ ಒಟ್ಟಿಗೆ ಬಿಟ್ಟರು. ಮುನ್ನೂರಕ್ಕೂ ಹೆಚ್ಚು. ಭಾವ ಕುದುರೆಯ ಮೇಲೆ, ಉಳಿದ ಮನೆಗಳ ಯಜಮಾನರು ಹುಲ್ಲಿನ ಮೇಲೆ. ನಿಮ್ಮ ಬಂದೂಕನ್ನು ಗುಡಾರದಿಂದ ತಂದು ನನ್ನ ಪಕ್ಕದಲ್ಲೇ ಇಡಿಸಿದ್ದರು. ಹಗ್ಗ ಬಿಚ್ಚಿದೆ. ‘ಮಲಗು’ ಎಂದೆ. ಶಮಾಲ್ ಮಂದೆಯ ನಟ್ಟನಡುವೆ ಮಲಗಿತು, ಸೊಂಟ ಒಂದು ಪಕ್ಕಕ್ಕೆ. ಭಾವ ಬೇಕೆಂದೇ ಕುದುರೆ ಓಡಿಸಿ ಮಂದೆಯನ್ನು ಚದುರಿಸಿದರು. ಕುರಿಗಳು ಅದರ ಎರಡು ಬದಿಯಲ್ಲೂ ನುಗ್ಗಿದವು. ಒಂದು ಮರಿ ಅದರ ಬೆನ್ನ ಮೇಲೆ ಹಾರಿ ಹೋಯಿತು. ಅದು ನನ್ನನ್ನೇ ನೋಡುತ್ತಿತ್ತು. ಒಬ್ಬರು ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು. ಗೆದ್ದೆ ಎಂದುಕೊಂಡೆ.

ಭಾವ ಕುದುರೆಯಿಂದ ಇಳಿಯುವಾಗ ಅವರ ಕಾಲಿಗೆ ಜೀನಿನ ಮೇಲಿನ ಚರ್ಮ ಸಿಕ್ಕಿತು. ಕೂರಲು ಹಾಸಿಕೊಂಡಿದ್ದ ಕರಿ ಮರಿಯ ಚರ್ಮ. ಅದು ಪಟ್ಟಿಯಲ್ಲಿ ಒಂದು ತುದಿ ಸಿಕ್ಕಿಕೊಂಡು ಕೆಳಕ್ಕೆ ಜಾರಿತು. ಕುದುರೆ ಬೆಚ್ಚಿ ಓಡಿತು, ಚರ್ಮ ಅದರ ಹಿಂದೆ ಹುಲ್ಲಿನ ಮೇಲೆ ತೆವಳುತ್ತ ಹೋಯಿತು.

ಶಮಾಲ್ ಎದ್ದದ್ದನ್ನು ನಾನು ನೋಡಲಿಲ್ಲ. ಇದ್ದ ಜಾಗದಲ್ಲಿ ಅದು ಇರಲಿಲ್ಲ, ಅಷ್ಟೇ. ಮುನ್ನೂರು ಜೀವಂತ ಕುರಿಗಳ ನಡುವೆ ಒಂದನ್ನೂ ಮುಟ್ಟದೆ ಹೋಯಿತು. ಕೆಲವು ಮೇಯುವುದನ್ನೂ ನಿಲ್ಲಿಸಲಿಲ್ಲ. ಚರ್ಮವನ್ನು ಕತ್ತು ಇರಬೇಕಾದ ಜಾಗದಲ್ಲಿ ಹಿಡಿದು, ಎರಡು ಸಲ ಕೊಡವಿ ಕೊಂದಿತು. ಆಮೇಲೆ ಎಳೆದು ತಂದು ನನ್ನ ಕಾಲ ಬಳಿ ಹಾಕಿ, ಮಲಗಿ, ಸೊಂಟವನ್ನು ಒಂದು ಪಕ್ಕಕ್ಕೆ ಒರಗಿಸಿತು.

ನಾನು ಬಂದೂಕಿನ ಕಡೆ ನೋಡಿದೆ. ಅಷ್ಟರಲ್ಲಿ ಭಾವ ನಗಲು ಶುರುಮಾಡಿದ್ದರು. “ಸತ್ತ ಕುರೀನ ಎರಡನೇ ಸಲ ಸಾಯಿಸ್ತು ಕಣ್ರೋ! ಬದುಕಿರೋವನ್ನ ಬಿಟ್ಟು ನನ್ನ ಕುಂಡೆ ಕೆಳಗಿನದೇ ಬೇಕಾಯ್ತು ಇದಕ್ಕೆ!” ಎಲ್ಲರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಚರ್ಮ ಕುರಿಯಲ್ಲ, ನಾಯಿ ಬದುಕಲಿ ಎಂದು ತೀರ್ಮಾನವಾಯಿತು.

ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಅತ್ತೆ ಬಂದು, “ಗೆದ್ದವಳ ಮುಖಾನಾ ಇದು? ಹೆಣ ಕಂಡವಳ ಹಾಗಿದ್ದೀಯಲ್ಲೇ” ಎಂದರು. ನಾನು ಕಂಡದ್ದು ಕುದುರೆಯೊಂದನ್ನು. ಇವತ್ತಿನದಲ್ಲ, ಹೋದ ಚಳಿಗಾಲದ್ದು. ನೀವು ಸವಾರಿ ಮಾಡುತ್ತಿದ್ದೀರಿ, ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಹುಲ್ಲು ತುಂಬಿದ ಚರ್ಮ, ಅದರ ಹಿಂದೆ ಇನ್ನೂ ಉದ್ದಕಾಲಿನ ನಾಯಿಮರಿಯಾಗಿದ್ದ ಶಮಾಲ್. ದಿನಾ ಬೆಳಿಗ್ಗೆ, ಹಿಮದ ಮೇಲೆ. ಬೇಟೆ ಕಲಿಸಲು ಅದು ನರಿಯ ಚರ್ಮವಾಗಿರಬೇಕಿತ್ತು. ನರಿ ಚರ್ಮವನ್ನು ಇಲಿ ಕಡಿದುಹಾಕಿದ್ದರಿಂದ ನಾನೇ ನಿಮಗೆ ಕರಿ ಮರಿಯ ಚರ್ಮ ಕೊಟ್ಟೆ. ನಾಯಿಗೇನು ಗೊತ್ತು, ಚರ್ಮ ಚರ್ಮವೇ ಎಂದೆ. ನೀವು ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದು ನಿಂತು, ಆಮೇಲೆ ಹುಲ್ಲು ತುಂಬಿದಿರಿ.

ಮಾರ್ಚ್‌ನಲ್ಲಿ ನರಿಯೊಂದು ನಮ್ಮೆದುರೇ ಹಿಮ ದಾಟಿ ಹೋಯಿತು. ಶಮಾಲ್ ಅದನ್ನು ನೋಡಿ ಕಿವಿ ಕೆರೆದುಕೊಂಡಿತು. “ನಿಮ್ಮ ನಾಯಿಗೆ ನರಿ ನೆಂಟ ಆಗ್ಬೇಕೇನೋ” ಎಂದು ಭಾವ ಊರಿಗೆಲ್ಲ ಹೇಳಿದರು. ಅವತ್ತೇ ಅಲ್ಲವೇ ನೀವು ಒಳಗೆ ಬಂದು, ಬೂಟು ಬಿಚ್ಚುತ್ತ, ‘ನಾಯಿ ತಪ್ಪು ಕಲಿಯೋದಿಲ್ಲ...’ ಎಂದದ್ದು?

ನಾನು ಎದ್ದು ಭಾವನ ಹತ್ತಿರ ಹೋದೆ. ಏಪ್ರಿಲ್‌ನಲ್ಲಿ ಸತ್ತ ಮರಿ ತಬ್ಬಲಿಯಲ್ಲವೇ ಎಂದು ಕೇಳಿದೆ. “ಹೂಂ. ನನ್ನ ಕರಿ ಕುರೀದು ಮರಿ ಸತ್ತಿತ್ತಲ್ಲ, ಅದರ ಚರ್ಮ ಸುಲಿದು ಈ ತಬ್ಬಲಿಗೆ ಹೊದಿಸಿದ್ದೆ. ವಾಸನೆ ಹಿಡಿದು ತನ್ನದೇ ಅಂತ ಹಾಲು ಕುಡಿಸ್ಲಿ ಅಂತ.” ಎಲ್ಲರೂ ಮಾಡುವುದೇ ಅದು. ಹೊದಿಸಿದ ಚರ್ಮ ಬಿಗಿಯಾಗಿತ್ತೇ ಎಂದೆ. “ಎಲ್ಲಿ ಬಿಗಿ? ಹಿಂದಿನ ಗಂಟು ಬಿಚ್ಚಿಕೊಂಡು ನೆಲದ ಮೇಲೆ ಎಳಕೊಂಡು ಓಡಾಡ್ತಿತ್ತು. ಕಟ್ಬೇಕು ಕಟ್ಬೇಕು ಅಂತಿದ್ದೆ, ಅಷ್ಟರಲ್ಲಿ ನಿಮ್ಮನೆ ಯಮ ಬಂತು. ಯಾಕಮ್ಮ?” ಏನಿಲ್ಲ ಎಂದೆ.

ಅವತ್ತು ಅಂಗಳದಲ್ಲಿ ಆ ಮರಿಯನ್ನು ನಾವೆಲ್ಲರೂ ನೋಡಿದೆವು. ಮೈಮೇಲೆ ಎರಡು ಚರ್ಮ, ಒಂದು ಬಿಳಿ, ಒಂದು ಕರಿ. ಹಲ್ಲಿನ ಗುರುತು ಮೊದಲು ಇದ್ದದ್ದು ಕರಿಯ ಮೇಲೆ. ಕಣ್ಣೆದುರೇ ಇತ್ತು. ಶಮಾಲ್ ಬೇಟೆಯಾಡಿದ್ದು ನೆಲದ ಮೇಲೆ ತೆವಳುವ ಚರ್ಮವನ್ನು, ಕುರಿಯನ್ನಲ್ಲ. ಕುರಿಯ ಗೊಡವೆಯೇ ಇಲ್ಲದ ನಾಯಿಗೆ ನಾನು ಬೇಸಿಗೆಯಿಡೀ ಕೂತು, ಕುರಿಯನ್ನು ನೋಡಬೇಡ ಎಂದು ಕಲಿಸಿದೆ. ಅದೂ ಪಾಪ, ನಾನು ಹೇಳಿದ್ದೆಂದು ಕಲಿಯಿತು.

ಭಾವನಿಗೆ ಇನ್ನೂ ಹೇಳಿಲ್ಲ. ಹಿರಿಯರಿಗೂ ಇಲ್ಲ. ಆ ಚಳಿಗಾಲದಲ್ಲಿ ಹಗ್ಗದ ತುದಿಯಲ್ಲಿ ಇದ್ದದ್ದೇನೆಂದು ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ. ಹದಿನೈದು ದಿನದಲ್ಲಿ ಮಂದೆ ಇಳಿಯುತ್ತದೆ. ಇಳಿಯುವ ಮುಂಚೆ ಎಲ್ಲರ ಎದುರು ಹೇಳುತ್ತೇನೆ. ನೀವು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಬಂದೂಕನ್ನು ಎಣ್ಣೆ ಸವರಿ ಮೊದಲಿನ ಜಾಗದಲ್ಲೇ ಇಟ್ಟಿದ್ದೇನೆ.

ಉಪ್ಪು ಹೆಚ್ಚಾದ ಚಹಾದ ಮುಂದೆ ಕುಳಿತಿರುವ
ಬಾಲ್ಜಾನ್

ತಾ.ಕ.: ಲಾರಿ ಇನ್ನೂ ಬಂದಿಲ್ಲ, ಆದ್ದರಿಂದ ಇದನ್ನೂ ಬರೆಯಬೇಕಾಯಿತು. ನರಿ ಚರ್ಮವನ್ನು ಇಲಿ ಕಡಿದಿರಲಿಲ್ಲ. ನನ್ನ ತಂಗಿಯ ಮದುವೆಗೆಂದು ಅದನ್ನು ಕತ್ತರಿಸಿ ನನ್ನ ಕೋಟಿನ ಕೊರಳಿಗೆ ಹೊಲಿದುಕೊಂಡೆ. ನೀವು ನನಗಿಂತ ಆ ನಾಯಿಯ ಜೊತೆಗೇ ಹೆಚ್ಚು ಮಾತಾಡುತ್ತಿದ್ದಿರಿ, ಅದರ ಸಿಟ್ಟೂ ಇತ್ತು. ನನ್ನ ಅಕ್ಕನ ಗಂಡನ ಕೋಟಿನಿಂದ ಬಿಚ್ಚಿದ ಹಳೆಯ ತುಂಡು ಎಂದು ನಿಮಗೆ ಸುಳ್ಳು ಹೇಳಿದೆ. ಮದುವೆಯ ದಿನ ನೀವು ಆ ಕೊರಳನ್ನು ಬೆರಳಿನಿಂದ ಸವರಿ, “ಒಳ್ಳೆ ನರಿ. ನಿನಗೆ ಒಪ್ಪುತ್ತೆ” ಎಂದಿರಿ. ಅದು ನೀವೇ ಹಿಡಿದು, ನೀವೇ ಸುಲಿದ ನರಿ. ಏಪ್ರಿಲ್‌ನಲ್ಲಿ ಆ ಮರಿಯ ಎರಡು ಚರ್ಮವನ್ನೂ ಮಡಚಿ ಮಡಚಿ ನೋಡಿದವರು ನೀವೊಬ್ಬರೇ. ಆಮೇಲೆ ದಿಬ್ಬದ ಹಿಂದಿನಿಂದ ಬಂದು ನನ್ನ ಕಡೆ ಮಾತ್ರ ನೋಡಿದಿರಿ. ನೀವು ಬಾಯಿ ಬಿಟ್ಟಿದ್ದರೆ ಹಿರಿಯರು ಚರ್ಮ ಕೊಟ್ಟವರಾರು ಎಂದು ಕೇಳುತ್ತಿದ್ದರು. ನಿಮಗೆ ಅವತ್ತೇ ಗೊತ್ತಾಗಿತ್ತು, ಅಲ್ಲವೇ? ಗೊತ್ತಿದ್ದೂ ಓಡಿಹೋದವನೆಂಬ ಹೆಸರು ಹೊತ್ತು ಲಾರಿ ಹತ್ತಿದಿರಲ್ಲ, ಯಾರನ್ನು ಉಳಿಸಲು: ನಾಯಿಯನ್ನೋ, ನನ್ನನ್ನೋ?