ಸಾಲಿಗೆ ನಿಲ್ಲಿಸಿದ ಕಲ್ಲುಗಳು

ಸಯನ್, ಮುಂಬಯಿ
೮ ಫೆಬ್ರವರಿ ೧೯೭೪

ಚಿರಂಜೀವಿ ಶೀಲಾವತಿಗೆ ತಾಯಿಯ ಆಶೀರ್ವಾದ.

ನಿನ್ನ ಆರೋಗ್ಯ ಹೇಗಿದೆ? ನದಿ ದಂಡೆಯ ಉತ್ಖನನದ ಡೇರೆಯಲ್ಲಿ ಚಳಿ ಇನ್ನೂ ಇಳಿದಿರಲಾರದು. ನಾನು ಕೊಟ್ಟ ಕೌದಿಯನ್ನು ನೀನು ಹೊದೆಯುತ್ತೀಯೋ, ಅದನ್ನೂ ಎಲುಬುಗಳಿಗೆ ಹಾಸಿದ್ದೀಯೋ ತಿಳಿಯದು. ಹೋದ ಪತ್ರದಲ್ಲಿ ನೀನು ಮೂರು ಸಾವಿರ ವರ್ಷಗಳ ಹಿಂದೆ ತೀರಿಕೊಂಡ ಹೆಂಗಸೊಬ್ಬಳ ಸವೆದ ಹಲ್ಲುಗಳನ್ನು ಕುರಿತು ಎರಡು ಪುಟ ಬರೆದಿದ್ದೆ. ನಿನ್ನ ತಾಯಿಯ ಹಲ್ಲುನೋವನ್ನು ಕುರಿತು ಒಂದು ವಾಕ್ಯವೂ ಇರಲಿಲ್ಲ. ನೋವು ಈಗ ಕಡಿಮೆಯಾಗಿದೆ. ನೀನು ಕೇಳದಿದ್ದರೂ ತಿಳಿಸುತ್ತಿದ್ದೇನೆ.

ಕೆಳಮಹಡಿಯ ಸೋಮವ್ವ ತಂದಿದ್ದ ವಿಜಾಪುರದ ಸಂಬಂಧ ಹಿಂದೆ ಸರಿಯಿತು. “ಹುಡುಗಿ ಹೆಣದ ಕೆಲಸಾ ಮಾಡ್ತಾಳಂತಲ್ರೀ” ಎಂದು ವರನ ಕಡೆಯವರು ಕೇಳಿದರಂತೆ. ಹೆಣವಲ್ಲ, ಅಸ್ಥಿ ಎಂದು ನಾನು ತಿದ್ದಿದೆ. “ಯಾವುದರ ಇರ್ಲಿ, ಸ್ನಾನಾ ಮಾಡೂದು ತಪ್ಪತೈತೇನ್ರಿ ಅಕ್ಕೋರ” ಎಂದು ಸೋಮವ್ವ ನಕ್ಕಳು. ಅವಳ ಮಾತು ಹಾಗಿರಲಿ. ತೊಡೆಯ ಎಲುಬೊಂದನ್ನು ನೋಡಿ ಮನುಷ್ಯನ ಎತ್ತರ ಹೇಳಬಲ್ಲವಳನ್ನು ನಿನ್ನ ಕಚೇರಿ ಇನ್ನೂ ತಾತ್ಕಾಲಿಕ ಸಹಾಯಕಿ ಎಂದೇ ಕರೆಯುತ್ತದೆ. ವರದಿಯಲ್ಲಿ ನಿನ್ನ ಹೆಸರು ಛಾಯಾಚಿತ್ರಗಾರನ ಹೆಸರಿಗಿಂತ ಕೆಳಗೆ. ನೀನು ಜಗಳವನ್ನೂ ಆಡುವುದಿಲ್ಲ. ನನ್ನ ಮಗಳಾಗಿದ್ದುಕೊಂಡು ಈ ಮೌನವನ್ನು ಎಲ್ಲಿ ಕಲಿತೆ?

ಭಾಂಡುಪಿನ ನಮ್ಮ ರುದ್ರಭೂಮಿಯ ಅಂಚು ರಸ್ತೆಗೆ ಹೋಗುವ ವಿಷಯವನ್ನು ಹಿಂದಿನ ಪತ್ರದಲ್ಲಿಯೇ ತಿಳಿಸಿದ್ದೆ. ನಿನ್ನ ತಂದೆಯವರಿರುವುದು ಆ ಅಂಚಿನಲ್ಲಿಯೇ. ಶಿವರಾತ್ರಿ ಮುಗಿದೊಡನೆ ಅಗೆತ ಪ್ರಾರಂಭವಾಗುತ್ತದೆ. ಅದಕ್ಕೆ ಮೊದಲು ಕುಟುಂಬದವರು ತಮ್ಮವರ ಅಸ್ಥಿಗಳನ್ನು ತೆಗೆದು ಒಳಗಡೆ ಬೇರೆ ಸಮಾಧಿ ಮಾಡಬಹುದು. ಆದರೆ ಯಾರು ಎಲ್ಲಿದ್ದಾರೆ ಎಂದು ಕೇಳಿದರೆ ಸಮಿತಿಯ ಅಧ್ಯಕ್ಷರಾದ ಬಸವಂತರಾಯರು ಕಲ್ಲುಗಳತ್ತ ಕೈ ತೋರಿಸುತ್ತಾರೆ. ಹೋದ ವರ್ಷ ಹಬ್ಬಕ್ಕೆ ಚೆಂದ ಕಾಣಲೆಂದು ಅವರೇ ಆ ಸಮಾಧಿಕಲ್ಲುಗಳನ್ನು ಕೀಳಿಸಿ, ಸುಣ್ಣ ಹೊಡೆಸಿ, ಪ್ರಾರ್ಥನೆಗೆ ನಿಂತ ಮಕ್ಕಳಂತೆ ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿದ್ದರು. ಈಗ ಹೆಸರುಗಳು ಗೋಡೆಯ ಬಳಿ ಇವೆ, ಮನುಷ್ಯರು ಮತ್ತೆಲ್ಲಿಯೋ ಇದ್ದಾರೆ. “ಎಲ್ಲಾರೂ ಲಿಂಗೈಕ್ಯ ಆದವರ ಅಲ್ರೀ ಅಕ್ಕೋರ. ಕೂಡಿಸಿ ಒಂದ ಕುಣಿಯಾಗ ಇಟ್ರ ಏನಾತು?” ಎಂದರು. ಧಾರಾವಿಯ ಖೋಲಿಯಲ್ಲಿ ಅಣ್ಣತಮ್ಮಂದಿರ ನಡುವೆ ಕಾಲು ಚಾಚಲೂ ಎಡೆಯಿಲ್ಲದೆ ಬಾಳಿದ ಮನುಷ್ಯನಿಗೆ ತನ್ನದೆಂದು ದೊರೆತ ಮೊದಲ ಜಾಗ ಅದು ಎಂದೆ. ಅವರು ಗಡಿಯಾರ ನೋಡಿಕೊಂಡರು.

ಅಸ್ಥಿಗಳನ್ನು ಗುರುತಿಸಿಕೊಡುವಿರಾ ಎಂದು ಆಸ್ಪತ್ರೆಯ ವೈದ್ಯರೊಬ್ಬರನ್ನು ಕೇಳಿದರೆ, ಒಂದು ಹಿಡಿ ಮಣ್ಣು ತಂದು ಪೂಜೆ ಮಾಡಿರಿ ಎಂದರು. ರಸ್ತೆಯ ಗುತ್ತಿಗೆದಾರನು ಎಲುಬು ತುಂಬಲು ಗೋಣಿಚೀಲಗಳನ್ನು ಆಗಲೇ ತಂದು ಒಟ್ಟಿದ್ದಾನೆ. ನೀನು ಒಂದು ಬೆರಳಿನ ಸುತ್ತಲಿನ ಮಣ್ಣನ್ನು ಬಿದಿರುಕಡ್ಡಿಯಿಂದ ಬಿಡಿಸುತ್ತೀಯೆಂದೂ ಚಿತ್ರ ತೆಗೆಯುವವರೆಗೆ ಯಾರಿಗೂ ಮುಟ್ಟಗೊಡುವುದಿಲ್ಲವೆಂದೂ ಬರೆದಾಗ, ಇದೇನು ಹುಚ್ಚು ಎನಿಸಿತ್ತು. ಆ ಚೀಲಗಳನ್ನು ಕಂಡ ಮೇಲೆ ಹಾಗೆನಿಸುತ್ತಿಲ್ಲ. ಆದರೆ ನೀನೇ ಬಂದು ಅಪ್ಪನನ್ನು ಗುರುತಿಸಿಕೊಡು ಎಂದು ನಾನು ಕೇಳಿದ್ದಕ್ಕೆ ನೀನು ಕಾರ್ಡಿನಲ್ಲಿ ಒಂದೇ ಸಾಲು ಬರೆದೆ: “ನಮ್ಮವರನ್ನೆಲ್ಲ ಕೂರಿಸಿಯೇ ಹೂಳಿರುತ್ತಾರೆ ಅವ್ವಾ, ಗುರುತಿಲ್ಲದೆ ಯಾರನ್ನು ಅಪ್ಪ ಎನ್ನಲಿ?” ಇದು ಮಗಳ ಉತ್ತರವೋ ಸಹಾಯಕಿಯ ಉತ್ತರವೋ ಎಂದು ಎರಡು ದಿನ ಸಿಟ್ಟಾಗಿದ್ದೆ.

ಹಬ್ಬಕ್ಕೆ ಮೊದಲೇ ಬಾ. ರಜೆ ಕೊಡದಿದ್ದರೆ ನಿನ್ನ ಮೇಲಧಿಕಾರಿಗಳಿಗೆ ನಾನೇ ಬರೆಯುತ್ತೇನೆ, ಅವರು ಉತ್ತರಿಸಲೇಬೇಕಾದಂತೆ ಬರೆಯುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕಣ್ಣು, ಕೈಗಳನ್ನು ಕಾಪಾಡಲಿ.

ನಿನ್ನ ಅವ್ವ,
ಕಸ್ತೂರಿಬಾಯಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ನೀನು ಕೇಳಿದ ಗುರುತು ಇದೆ. ನೀನು ಹುಟ್ಟುವ ಮೊದಲು ನಿನ್ನ ತಂದೆಯವರು ದಾದರಿನಲ್ಲಿ ಲೋಕಲ್ ರೈಲಿನಿಂದ ಬಿದ್ದು ಎಡ ಮುಂಗೈ ಮುರಿದುಕೊಂಡಿದ್ದರು. ಎಲುಬು ಸೊಟ್ಟಗೆ ಕೂಡಿಕೊಂಡು, ಅಂಗೈ ಮೇಲ್ಮುಖವಾಗಿ ತಿರುಗದಾಯಿತು. ಅವರು ತೀರಿಕೊಂಡಾಗ ಕುಣಿಯಲ್ಲಿ ಕೂರಿಸಿ ವಾಡಿಕೆಯಂತೆ ಎಡಗೈಯಲ್ಲಿ ಇಷ್ಟಲಿಂಗ ಇಡಹೋದರೆ ಅದು ನಿಲ್ಲಲೇ ಇಲ್ಲ. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಕೈಯನ್ನು ಬಲವಂತವಾಗಿ ತಿರುಗಿಸತೊಡಗಿದರು. “ಬಿಡ್ರಿ, ಅವರಿಗೆ ನೋಯತೈತಿ” ಎಂದೆ. ನೆರೆದವರೆಲ್ಲ ನನ್ನ ಮುಖ ನೋಡಿದರು. ಕೊನೆಗೆ ಲಿಂಗವನ್ನು ಬಲಗೈಯಲ್ಲಿ ಇಟ್ಟರು. ಇದು ಹೊರಗೆ ಹೋಗಬಾರದು ಎಂದು ಹಿರಿಯರು ಅಂದಿದ್ದರು, ನಾನು ಇಂದಿನವರೆಗೆ ಹೇಳಿರಲಿಲ್ಲ. ಉಳಿದವರ ಲಿಂಗ ಎಡಗಡೆ ಸಿಕ್ಕೀತು. ಯಾರದು ಬಲಗಡೆ ಸಿಗುತ್ತದೋ ಅವರೇ ನಿನ್ನ ಅಪ್ಪ. ಎತ್ತುವಾಗ ಆ ಎಡಗೈಯನ್ನು ತಿರುಗಿಸಬೇಡ.