ಏರೊನ ನಿಧಾನ

೧೪ ಜೂನ್ ೨೦೨೧, ಸೋಮವಾರ. ಬ್ಲಾಂಚರ್ಡ್ಸ್‌ಟೌನ್.

ಫಿನ್ಲೆಂಡಿನ ಐಸ್ ಹಾಕಿ ಹುಡುಗ ಏರೊನ ವರದಿಯಲ್ಲಿ ನಾನು ಬರೆದ ‘ನಿಧಾನ’ ಎಂಬ ಪದ ಬೆಳಗಿನಿಂದ ಕಾಡುತ್ತಿತ್ತು. ಅದೊಂದಕ್ಕೇ ಅವನು ತಂಡದ ಆಯ್ಕೆಪಟ್ಟಿಯಿಂದ ಬಿದ್ದುಹೋಗಬಹುದು. ತಂಡಕ್ಕೆ ಆಟಗಾರರನ್ನು ಹುಡುಕಿಕೊಡುವುದು ನನ್ನ ಕೆಲಸ; ಕೊರೊನಾದಿಂದಾಗಿ ಅವರನ್ನು ವಿಡಿಯೊದಲ್ಲೇ ಅಳೆಯಬೇಕು. ಕ್ಯಾಮೆರಾ ಪಕ್ ಎಂಬ ಆಟದ ರಬ್ಬರ್ ಬಿಲ್ಲೆಯ ಹಿಂದೆಯೇ ಓಡುತ್ತದೆ, ದೂರದಲ್ಲಿರುವ ಆಟಗಾರ ಏನು ಮಾಡುತ್ತಿದ್ದಾನೆಂದು ಕಾಣುವುದಿಲ್ಲ.

ಸಂಜೆ ಅದೇ ಪಂದ್ಯದ ಇನ್ನೊಂದು ವಿಡಿಯೊ ಸಿಕ್ಕಿತು. ಇಡೀ ಅಂಗಳ ಕಾಣುತ್ತದೆ. ಓದಿದ್ದ ಕಾದಂಬರಿಯನ್ನೇ ಬೇರೊಬ್ಬರ ಅನುವಾದದಲ್ಲಿ ಓದಿದಂತಾಯಿತು. ಏರೊ ಓಡುವುದಿಲ್ಲ, ಪಕ್ ಬರುವಲ್ಲಿ ಮೊದಲೇ ನಿಂತಿರುತ್ತಾನೆ!

“ನಿನ್ನ ಹುಡುಗ ಬಸ್ಸಿಗೆ ಕಾಯ್ತಾ ಇದಾನೇನೇ?” ಎಂದು ಗಂಡ ಗುರುದತ್ ರೇಗಿಸಿದ. ಅಷ್ಟರಲ್ಲಿ ಏರೊ ಗೋಲು ಹೊಡೆದ.

ಮಗಳು ನಿಖಿತಾ ಸೋಫಾ ಮೇಲೆ ಕುಣಿದಳು. “ಬಸ್ ಬಂತು, ಡ್ಯಾಡ್!”

ನಾನೂ ಕುಣಿದೆ. ಅವರಿಬ್ಬರೂ ನನ್ನನ್ನೇ ನೋಡಿದರು.

ನಾಳೆ ಸಂಜೆ ಪಟ್ಟಿ ಅಂತಿಮವಾಗುತ್ತದೆ. ಬೆಳಿಗ್ಗೆಯೇ ‘ನಿಧಾನ’ ಹೊಡೆದುಹಾಕಿ ಏರೊನನ್ನು ಮೊದಲ ಸ್ಥಾನಕ್ಕೆ ತರುತ್ತೇನೆ. ತಪ್ಪಾಗಿ ನೋಡಿದ್ದು ನಾನೇ ಎಂದೂ ಬರೆಯುತ್ತೇನೆ.